ನಾಳೆ ಪರೀಕ್ಷೆ ಇಲ್ಲ ಎಂದವಳು ನಾನೇ

ಪದ್ಮಾ, ಅಂದು ನಾನು ನಿನಗೆ ಹೇಳಿದ್ದು ಸುಳ್ಳು. ತಿಳಿಯದೆ ಆದ ತಪ್ಪಲ್ಲ — ಬೇಕೆಂದೇ ಹೇಳಿದ್ದೆ.

ಬೆಳಗಾವಿ ವಿಮಾನ ನಿಲ್ದಾಣದ ಅಗ್ನಿಶಾಮಕ ದಳಕ್ಕೆ ನಾವಿಬ್ಬರೂ ಅರ್ಜಿ ಹಾಕಿದ್ದೆವು. ನೀನು ಭೋಜದಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ಚಿಕ್ಕೋಡಿಯ ಕಾಲೇಜು ಮೈದಾನದಲ್ಲಿ ಜೊತೆಗೇ ಓಡುತ್ತಿದ್ದೆವು. ಒಂದು ದಿನವೂ ನಿನ್ನನ್ನು ಹಿಂದೆ ಹಾಕಲು ನನ್ನಿಂದ ಆಗಲಿಲ್ಲ. "ಬೆಂಕಿ ಆರಸಾಕ ಹುಡುಗ್ಯಾರು ಯಾಕ ಬೇಕ?" ಎಂದು ಜನ ನಕ್ಕರೆ ನೀನೂ ನಗುತ್ತಿದ್ದೆ. ನನ್ನ ತಲೆಯಲ್ಲಿ ಮಾತ್ರ ಒಂದೇ ಭಯ — ಇಬ್ಬರಲ್ಲಿ ಒಬ್ಬಳನ್ನೇ ತೆಗೆದುಕೊಂಡರೆ...

ದೈಹಿಕ ಪರೀಕ್ಷೆಯ ಹಿಂದಿನ ಸಂಜೆ ಫೋನ್ ಮಾಡಿದೆ.

"ಪದ್ಮಾ, ನಾಳಿ ಪರೀಕ್ಷಾ ಇಲ್ಲಂತ ಬೇ. ಮುಂದಿನ ವಾರ ಹೋಗೂಣು."

"ಹೌದಾ? ಛಲೋ ಆತ ಬಿಡ," ಎಂದೆ ನೀನು. ಅಷ್ಟು ನಂಬಿದ್ದೆ ನನ್ನನ್ನು.

ಮರುದಿನ ಪರೀಕ್ಷೆಯ ಮೈದಾನದ ಗೇಟು ಮುಚ್ಚುವ ಹೊತ್ತಿಗೆ ಹಾಲಿನ ಗಾಡಿಯೊಂದರಿಂದ ನೀನು ಹಾರಿ ಇಳಿದೆ. ಹೊಸ ತಾರೀಖು ಕೇಳಲು ಬೆಳಿಗ್ಗೆ ಕಚೇರಿಗೆ ಫೋನ್ ಮಾಡಿದಾಗ ಪರೀಕ್ಷೆ ಅಂದೇ ಎಂದು ನಿನಗೆ ಗೊತ್ತಾಯಿತಂತೆ. ಬೂಟು ಮನೆಯಲ್ಲೇ ಉಳಿದಿತ್ತು. ಏದುಸಿರಿನಲ್ಲೇ ನನ್ನ ಭುಜ ಹಿಡಿದೆ:

"ಯಾರೋ ನಿನಗ ತಪ್ಪ ಹೇಳ್ಯಾರ ನೋಡ, ಸುರೇಖಾ. ನಿನಗೂ ಗೊತ್ತಾತಲಾ, ಪುಣ್ಯಾ!"

ನಾನು — ಹೂಂ ಎಂದೆ.

ಬರಿಗಾಲಲ್ಲಿ ಓಡಿ ಎಲ್ಲರಿಗಿಂತ ಮೊದಲು ಗುರಿ ಮುಟ್ಟಿದೆ ನೀನು. ನಾನು ಕೊನೆಯ ಸುತ್ತು ಮುಗಿಸಲೇ ಇಲ್ಲ. ಕೆಲಸ ನಿನಗೆ ಸಿಕ್ಕಿತು.

ಕಳೆದ ವಾರ ನಿಮ್ಮ ನಿಲ್ದಾಣದಿಂದ ಹೊಸ ಮಾರ್ಗದ ಮೊದಲ ವಿಮಾನ ಹೊರಟಿತಲ್ಲ, ಅದರಲ್ಲಿ ನಾನಿದ್ದೆ. ನಿನಗೆ ಗೊತ್ತಿಲ್ಲ. ಬೀಳ್ಕೊಡಲು ಎರಡು ಅಗ್ನಿಶಾಮಕ ವಾಹನಗಳು ಎರಡೂ ಬದಿಯಿಂದ ನೀರು ಚಿಮ್ಮಿಸಿ ಆಕಾಶದಲ್ಲಿ ಕಮಾನು ಕಟ್ಟಿದವು. ಮುಂದೆ ನಿಂತು, ಕೈ ಎತ್ತಿ, ಆ ನೀರಿಗೆಲ್ಲ ಅಪ್ಪಣೆ ಕೊಡುತ್ತಿದ್ದವಳು — ನೀನು! ಬಿಸಿಲಿಗೆ ಹನಿಯೆಲ್ಲ ಬಣ್ಣವಾಗಿತ್ತು. ನಾವು ಅದರಡಿಯಲ್ಲೇ ಸಾಗಿದೆವು.

ಪಕ್ಕದಲ್ಲಿದ್ದ ಶಿರಗುಪ್ಪಿಯ ಅಜ್ಜಿ ಕಿಟಕಿಗೆ ಹಣೆ ಹಚ್ಚಿ ಕೇಳಿದಳು, "ಯಾರವಾ ಆಕಿ?"

"ನಮ್ಮ ಭೋಜದಾಕಿ ರೀ! ನನ್ನ ಗೆಳತಿ!" ಎಂದು ಕೂಗಿಯೇಬಿಟ್ಟೆ. ಅಜ್ಜಿ ಚಪ್ಪಾಳೆ ತಟ್ಟಿದಳು, ಹಿಂದಿನವರೂ ತಟ್ಟಿದರು. ಅಂಗೈ ಉರಿಯುವಷ್ಟು ನಾನೂ ತಟ್ಟಿದೆ.

ನನ್ನ ಸುಳ್ಳಿನಿಂದ ನಿನ್ನನ್ನು ತಡೆಯಲಾಗಲಿಲ್ಲ. ಅದಕ್ಕಿಂತ ದೊಡ್ಡ ಸಂತೋಷ ನನಗಿಲ್ಲ. ಆದರೆ ತಡೆಯಲು ನೋಡಿದವಳು ನಾನೇ. ಅಜ್ಜಿಗೆ ಗೆಳತಿ ಎಂದಷ್ಟೇ ಹೇಳಿದೆ, ಉಳಿದದ್ದನ್ನು ನುಂಗಿಕೊಂಡೆ.

ಭಾನುವಾರ ನಿನಗೆ ರಜೆಯಂತೆ. ಭೋಜಕ್ಕೆ ಬರುತ್ತಿದ್ದೇನೆ. ನಿಮ್ಮ ಅವ್ವನ ಎದುರಿಗೇ ಎಲ್ಲವನ್ನೂ ಹೇಳುತ್ತೇನೆ — ಆಕೆ ನನಗೆ ಚಹಾ ಕೊಡುವ ಮೊದಲು.