ಬಣ್ಣ ನೋಡಿ ಫೋನು ಕೊಂಡವಳು

ದೊಡ್ಡವ್ವನ ಬಲಗೈ ಹೆಬ್ಬೆರಳಿನಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಹತ್ತಿಯ ನೂಲು ತೀಡಿ ತೀಡಿ ಅದು ಹೊಳೆಯ ಕಲ್ಲಿನಂತೆ ನುಣ್ಣಗಾಗಿತ್ತು. ಬೆರಳು ಒತ್ತಿದರೆ ತೆರೆದುಕೊಳ್ಳುವ ಫೋನುಗಳು ಬಂದ ಮೇಲೆ ಇದೊಂದು ಫಜೀತಿಯಾಯಿತು. ಅವಳು ಒತ್ತುತ್ತಿದ್ದಳು, ಫೋನು ಸುಮ್ಮನಿರುತ್ತಿತ್ತು. ಸೀರೆಯ ಸೆರಗಿಗೆ ಬೆರಳು ಒರೆಸಿ ಮತ್ತೆ ಒತ್ತುತ್ತಿದ್ದಳು. ಕಡೆಗೆ, "ಇದಕ್ಕ ನನ್ನ ಗುರುತ ಸಿಗವಲ್ದು, ನಂಬರ ಹಾಕಿ ಒಳಗ ಹೋಗ್ತೇನಿ" ಎಂದು ನಗುತ್ತಿದ್ದಳು.

ನಮ್ಮ ಅಪ್ಪನ ಅಣ್ಣನ ಹೆಂಡತಿ ಅವಳು. ಮನೆ ಗಜೇಂದ್ರಗಡದಲ್ಲಿ. ಪಡಸಾಲೆಯಲ್ಲಿ ಮಗ್ಗ, ಮಗ್ಗದ ಮುಂದೆ ದೊಡ್ಡಪ್ಪ. ಮೊದಲು ಇಬ್ಬರೂ ನೇಯುತ್ತಿದ್ದರು. ಮಂಡಿ ನೋಯತೊಡಗಿದ ಮೇಲೆ ದೊಡ್ಡವ್ವ ಮಗ್ಗದಿಂದ ಎದ್ದು ಮಾರಾಟಕ್ಕೆ ಇಳಿದಳು. ತಮ್ಮ ಮನೆಯ ಸೀರೆಯ ಜೊತೆಗೆ ಓಣಿಯವರು ನೇಯ್ದದ್ದನ್ನೂ ಗಂಟು ಕಟ್ಟಿಕೊಂಡು ರೋಣ, ನರಗುಂದ, ಹೊಳೆಆಲೂರಿಗೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಶಾಲೆಯ ಶಿಕ್ಷಕಿಯರು, ದವಾಖಾನೆಯ ನರ್ಸುಗಳು, ಒಕ್ಕಲು ಮನೆಯ ಹೆಂಗಸರು ಅವಳ ಗಿರಾಕಿಗಳು. ಫೋನಿನಲ್ಲಿ ಫೋಟೋ ಕಳಿಸುವ ಕಾಲ ಬಂದಾಗ ಯಾರೂ ಹೇಳಿಕೊಡುವ ಮುಂಚೆಯೇ ಅದಕ್ಕೆ ಹೊಂದಿಕೊಂಡಳು.

ಮಾರುವವಳಾದರೂ ಅವಳ ಬಾಯಲ್ಲಿ ಸೀರೆಯ ಹೊಗಳಿಕೆ ನಾನು ಕೇಳಿದ್ದಿಲ್ಲ. ಯಾರಾದರೂ ಒಂದು ಸೀರೆ ಎತ್ತಿ ಹೇಗಿದೆ ಎಂದು ಕೇಳಿದರೆ, "ಬೆಳಕಿಗೆ ತರ್ರಿ" ಎನ್ನುತ್ತಿದ್ದಳು. ಬಾಗಿಲ ಹೊರಗೆ ನಿಂತು ಬಿಸಿಲಿಗೆ ಹಿಡಿದು, ಒಪ್ಪದಿದ್ದರೆ ಮುಖಕ್ಕೇ ಹೇಳುವಳು: "ಇದು ನಿಮಗ ಬ್ಯಾಡ್ರಿ. ಮುಂದಿನ ಸಲ ತರ್ತೇನಿ, ತಡೀರಿ." ಕೈಗೆ ಬಂದ ವ್ಯಾಪಾರ ಬಿಟ್ಟಳೆಂದು ದೊಡ್ಡಪ್ಪ ಗೊಣಗುತ್ತಿದ್ದ. ಆದರೆ ಆ ಹೆಂಗಸರು ಮುಂದಿನ ಸಲಕ್ಕೆ ಕಾಯುತ್ತಿದ್ದರು.

ನಾನಾಗ ಪದವಿ ಮುಗಿಸಿ ರೋಣದ ಬಸ್‌ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೆ. ಒಂದು ಬೇಸಿಗೆಯ ಮುಂಜಾನೆ ದೊಡ್ಡವ್ವ ಕೈಚೀಲ ಹಿಡಿದು ಅಂಗಡಿ ಮೆಟ್ಟಿಲು ಹತ್ತಿ ಬಂದಳು. ಅವಳ ಹಳೆಯ ಫೋನು ಸಾಯುವ ಹಂತದಲ್ಲಿತ್ತು. ಫೋಟೋ ತುಂಬಿ ತುಂಬಿ ಜಾಗವೇ ಉಳಿದಿರಲಿಲ್ಲ. ಗಿರಾಕಿಗಳು ವಿಡಿಯೋ ಕಾಲ್ ಮಾಡಿದರೆ ಚಿತ್ರ ನಿಂತುಬಿಡುತ್ತಿತ್ತು.

ಮಾಲಕರು ಎರಡು ಫೋನು ತೆಗೆದು ಗಾಜಿನ ಮೇಲೆ ಇಟ್ಟರು. ಒಂದರ ಬೆಲೆ ಇನ್ನೊಂದರ ಹತ್ತಿರ ಹತ್ತಿರ ದುಪ್ಪಟ್ಟು.

"ಅಕ್ಕಾರ, ತಗೊಂಡ್ರ ಇದನ್ನ ತಗೋರಿ," ಎಂದು ದುಬಾರಿಯದನ್ನು ಮುಂದೆ ತಳ್ಳಿದರು. "ಪ್ರೊಸೆಸರ್ ಭಾಳ ಜೋರ ಐತಿ. ಎಂಥಾ ಗೇಮ್ ಹಾಕ್ರಿ, ಎಲ್ಲೂ ನಿಂದ್ರೂದಿಲ್ಲ."

"ನಾ ಗೇಮ್ ಆಡೂದಿಲ್ರಿ. ಸೀರಿ ಮಾರ್ತೇನಿ."

ಹಾಗೆಂದು ಕೈಚೀಲದಿಂದ ಸೀರೆಗಳನ್ನು ತೆಗೆದಳು. ಒಂದು ಇಟ್ಟಂಗಿ ಕೆಂಪು, ಒಂದು ಬದನೆಕಾಯಿ ಬಣ್ಣ, ಒಂದು ನವಿಲುಗರಿಯ ನೀಲಿ. ಅಂಗಡಿಯಲ್ಲಿದ್ದ ಗಿರಾಕಿಗಳು ಫೋನು ನೋಡುವುದು ಬಿಟ್ಟು ಸೀರೆ ನೋಡತೊಡಗಿದರು. ಎರಡೂ ಫೋನಿನಲ್ಲಿ ಒಂದೊಂದೇ ಸೀರೆಯ ಫೋಟೋ ತೆಗೆದಳು, ಮೊದಲು ಒಳಗೆ ಟ್ಯೂಬ್‌ಲೈಟಿನ ಕೆಳಗೆ, ಆಮೇಲೆ ಹೊರಗೆ ಬಿಸಿಲಲ್ಲಿ. ನನ್ನನ್ನು ರಸ್ತೆಯಾಚೆ ಬಾಳೆಹಣ್ಣಿನ ಗಾಡಿಯ ಪಕ್ಕ ನಿಲ್ಲಿಸಿ ಎರಡರಿಂದಲೂ ವಿಡಿಯೋ ಕಾಲ್ ಮಾಡಿದಳು. "ಅಂಚಿನ ಗೆರಿ ಕಾಣತಾವೇನು? ಸುಳ್ಳ ಹೇಳಬ್ಯಾಡ," ಎಂದು ಅಲ್ಲಿಂದಲೇ ಕೇಳಿದಳು. ಆಮೇಲೆ ಎರಡರಲ್ಲೂ ವಿಡಿಯೋ ಓಡಿಸಿ ಬಿಸಿಲಿನ ಕಟ್ಟೆಯ ಮೇಲೆ ಇಟ್ಟು, ಚಹಾ ಕುಡಿದು ಬಂದು, ಬೆನ್ನು ಮುಟ್ಟಿ ಯಾವುದು ಹೆಚ್ಚು ಕಾದಿದೆ ಎಂದು ನೋಡಿದಳು.

ಅವಳ ಅಳತೆಯಲ್ಲಿ ಪಕ್ಷಪಾತ ಇರಲಿಲ್ಲ. ದುಬಾರಿ ಫೋನು ಬೇಗ ತೆರೆದುಕೊಳ್ಳುತ್ತಿತ್ತು, ಲಗೂ ಚಾರ್ಜ್ ಆಗುತ್ತಿತ್ತು, ಮೂಲೆಯ ಕತ್ತಲಲ್ಲೂ ಚೊಕ್ಕ ಫೋಟೋ ತೆಗೆಯುತ್ತಿತ್ತು. "ಇದು ಖರೇನ ಚಲೋ ಐತ್ರಿ," ಎಂದು ಒಪ್ಪಿಕೊಂಡಳು. ಅಗ್ಗದ್ದು ಒಂದು ಕ್ಷಣ ತಡೆದು ತೆರೆಯುತ್ತಿತ್ತು. ಆದರೆ ಕಾಲ್ ಕಡಿಯಲಿಲ್ಲ, ಬಿಸಿಲಿಗೆ ಅಷ್ಟಾಗಿ ಕಾಯಲೂ ಇಲ್ಲ. ಕಡೆಗೆ ಇಟ್ಟಂಗಿ ಕೆಂಪು ಸೀರೆಯನ್ನು ನಡುವೆ ಹರಡಿ, ಅದರ ಎಡಕ್ಕೆ ಬಲಕ್ಕೆ ಎರಡೂ ಫೋನಿನ ಫೋಟೋ ತೆರೆದು ಇಟ್ಟಳು. ದುಬಾರಿ ಫೋನಿನಲ್ಲಿ ಸೀರೆ ಕುಂಕುಮದ ಹಾಗೆ ಝಗಝಗಿಸುತ್ತಿತ್ತು.

"ನೋಡ್ರಿ ಅಕ್ಕಾರ, ಎಷ್ಟ ಚಂದ ಬಂದೈತಿ," ಎಂದರು ಮಾಲಕರು.

"ಚಂದ ಬಂದೈತ್ರಿ. ಆದ್ರ ಇದು ನನ್ನ ಸೀರಿ ಅಲ್ಲ. ಇದನ್ನ ನೋಡಿ ತರಿಸಿಕೊಂಡಾಕಿ ಮನ್ಯಾಗ ಬಿಚ್ಚಿ ನೋಡಿ ನನಗ ಬೈತಾಳ."

ಬಣ್ಣ ಕಡಿಮೆ ಮಾಡುವ ಸೆಟ್ಟಿಂಗ್ ಒಳಗೆ ಇದೆ ಎಂದು ನಾನು ಹೇಳಿದೆ. ಮಾಡಿ ತೋರಿಸು ಎಂದಳು. ಮಾಡಿದೆ. ಕೆಂಪು ಸರಿಯಾಯಿತು, ನೀಲಿ ಸತ್ತುಹೋಯಿತು. ಅವಳು ನನ್ನ ಮುಖ ನೋಡಿ, "ಹಗಲೆಲ್ಲಾ ನಾ ಇದನ್ನ ತಿದ್ದಕೊಂತ ಕುಂಡ್ರಲೇನು?" ಎಂದು ಅಗ್ಗದ್ದನ್ನು ಕೈಗೆತ್ತಿಕೊಂಡಳು. "ಅದು ತನ್ನನ್ನ ತೋರಿಸಿಕೊಳ್ತೈತಿ. ಇದು ಸೀರಿ ತೋರಿಸ್ತೈತಿ. ಇದನ್ನ ಕಟ್ಟು."

ಮಾಲಕರು ನಕ್ಕು, ಫೋನಿಗೆ ಹಾಕುವ ಕವರನ್ನು ಪುಕ್ಕಟೆ ಕೊಟ್ಟರು. ಮುಂದಿನ ಹಬ್ಬಕ್ಕೆ ಅವರ ಹೆಂಡತಿಗೆ ಆ ಬದನೆಕಾಯಿ ಬಣ್ಣದ ಸೀರೆಯೇ ಹೋಯಿತು.

ಆ ಫೋನಿನಿಂದ ಅವಳ ವ್ಯಾಪಾರ ಬೆಳೆಯಿತು. ಮೆಣಸಗಿ, ಜಕ್ಕಲಿಯ ಹೆಂಗಸರೂ ಫೋಟೋ ನೋಡಿ ತರಿಸಿಕೊಳ್ಳತೊಡಗಿದರು. ದೊಡ್ಡವ್ವ ಕಳಿಸಿದ ಫೋಟೋ ಎಂದರೆ ಸೀರೆಯೇ ಎದುರಿಗೆ ಬಂದ ಹಾಗೆ ಎಂಬ ಮಾತು ಹುಟ್ಟಿತು. ನಾನು ಕೆಲ ವರ್ಷ ಕೆಲಸ ಮಾಡಿ ನರಗುಂದದಲ್ಲಿ ನನ್ನದೇ ಅಂಗಡಿ ಹಾಕಿದೆ. ಹೆಣ್ಣುಮಗಳು ಮೊಬೈಲ್ ಅಂಗಡಿ ನಡೆಸುತ್ತಾಳೆಯೇ ಎಂದು ಸಂಬಂಧಿಕರು ಅನುಮಾನಿಸಿದಾಗ, "ಯಾಕ, ಫೋನಿನ್ಯಾಗ ಗಂಡಸರದು ಬ್ಯಾರೆ, ಹೆಂಗಸರದು ಬ್ಯಾರೆ ಇರ್ತಾವೇನು?" ಎಂದು ಅವರ ಬಾಯಿ ಮುಚ್ಚಿಸಿದವಳು ಅವಳೇ.

ಆಮೇಲಿನದು ನಾನು ಎಣಿಸಿರದ ಸಂಗತಿ. ಸೀರೆಗಳು ಮರಳಿ ಬರತೊಡಗಿದವು. ನೀಲಿ ಕೇಳಿದವರಿಗೆ ಹಸಿರು ಹೋಗಿತ್ತು, ಕೆನೆ ಬಣ್ಣ ಕೇಳಿದವರಿಗೆ ಹಳದಿ. ದೊಡ್ಡವ್ವನಿಗೆ ಇದು ಹೊಸದು. ಫೋನಿನಲ್ಲಿ ಅವಳ ದನಿ ಬಿಗಿಯಾಗಿತ್ತು. "ಈ ಫೋನ್ ಮುದುಕಿ ಆತು. ಬಣ್ಣ ಕೆಡಿಸಾಕತ್ತೈತಿ. ಬರ್ತೇನಿ, ಎರಡ ಚಲೋವು ತಗದಿಡು."

ಬಂದಳು. ಹಿಂದಿನಂತೆಯೇ ಕೈಚೀಲದಲ್ಲಿ ಸೀರೆಗಳಿದ್ದವು. ನಾನು ಎರಡು ಫೋನು ಅಕ್ಕಪಕ್ಕ ಇಟ್ಟು ತೆರೆದೆ. ಬೆಳಿಗ್ಗೆ ಯಾರೋ ಗಿರಾಕಿ ನೋಡುವಾಗ ಒಂದರಲ್ಲಿ ಕಣ್ಣಿಗೆ ತಂಪೆನ್ನುವ ಹಳದಿ ಬೆಳಕು ಹಾಕಿ ಹಾಗೇ ಬಿಟ್ಟಿದ್ದರು. ಒಂದು ಪರದೆ ಹಾಲಿನಷ್ಟು ಬಿಳಿ, ಇನ್ನೊಂದು ಅರಿಸಿನದ ನೀರು.

"ತಡಿ ದೊಡ್ಡವ್ವಾ, ಇದು ಹಳದಿ ಆಗೇತಿ, ತಗೀತೇನಿ," ಎಂದೆ.

ಅವಳು ಬಗ್ಗಿ ನೋಡಿದಳು. "ಯಾವುದು ಹಳದಿ?"

ಅವಳು ಎರಡೂ ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ ಫೋನು ಬಿಟ್ಟು ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನು ಕಂಡಿತೋ, ಚೀಲದಿಂದ ಒಂದು ಸೀರೆ ಎಳೆದು ಬಾಗಿಲಿಗೆ ನಡೆದಳು. ಬಿಸಿಲಿಗೆ ಹಿಡಿದು, "ಇದು ಯಾವ ಬಣ್ಣ ಹೇಳು," ಎಂದಳು.

"ನೀಲಿ."

"ಎಂಥಾ ನೀಲಿ?"

"ನವಿಲುಗರಿ ನೀಲಿ, ದೊಡ್ಡವ್ವಾ."

ಅವಳು ಸೀರೆಯನ್ನು ಮಡಚಿದಳು. ಮಡಿಕೆ ಸರಿಬರಲಿಲ್ಲವೆಂದು ಬಿಚ್ಚಿ ಮತ್ತೆ ಮಡಚಿದಳು. ಒಳಗೆ ಬಂದು ಕುರ್ಚಿಯ ಮೇಲೆ ಕೂತು ನೀರು ಕೇಳಿದಳು. ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ ದನಿ ಮೊದಲಿನದಾಗಿತ್ತು.

"ಫೋನ್ ಒಳಗ ಇಡು. ಅದು ಚಲೋನ ಐತಿ. ಕಣ್ಣಿನ ದವಾಖಾನಿಗೆ ಯಾವಾಗ ಕರಕೊಂಡು ಹೋಗ್ತಿ, ಅದನ್ನ ಹೇಳು."

ಮನೆಯಲ್ಲಿ ವಿಷಯ ಹೇಳಿದಾಗ ದೊಡ್ಡಪ್ಪನಿಗೆ ಆಶ್ಚರ್ಯವಾಗಲಿಲ್ಲ. ಕೆಲ ತಿಂಗಳಿಂದ ಅವಳು ತಂದುಕೊಡುತ್ತಿದ್ದ ನೂಲಿನ ಬಣ್ಣ ತಪ್ಪುತ್ತಿತ್ತಂತೆ. ಅವನು ಸದ್ದಿಲ್ಲದೆ ಬದಲಿಸಿಕೊಂಡು ನೇಯುತ್ತಿದ್ದನಂತೆ.

"ಮತ್ತ ನನಗ ಹೇಳಬೇಕಿತ್ತಿಲ್ಲೇನು?" ಎಂದು ದೊಡ್ಡವ್ವ ಸಿಟ್ಟಿಗೆದ್ದಳು.

"ಬಣ್ಣ ತಪ್ಪೇತಿ ಅಂತ ನಿನಗ ಹೇಳೂ ಧೈರ್ಯ ಯಾರಿಗೈತಿ?" ಎಂದ ದೊಡ್ಡಪ್ಪ.

ಗದಗಿನ ದವಾಖಾನೆಯಲ್ಲಿ ಡಾಕ್ಟರು ಎರಡೂ ಕಣ್ಣಿಗೆ ಪೊರೆ ಬಂದಿದೆ, ಒಂದಾದ ಮೇಲೆ ಒಂದು ತೆಗೆಯಬೇಕು ಎಂದರು. ಕಣ್ಣಲ್ಲಿ ಕೂರಿಸುವ ಲೆನ್ಸಿನಲ್ಲೂ ಎರಡು ಬಗೆ ಇದೆ, ಒಂದು ಸಾದಾ, ಒಂದು ದುಬಾರಿ ಎಂದು ವಿವರಿಸಿದರು. ದೊಡ್ಡವ್ವ ಬೆಂಚಿನ ಮೇಲೆ ನೆಟ್ಟಗೆ ಕೂತಳು.

"ಬಣ್ಣ ಯಾವುದರಾಗ ಖರೇ ಕಾಣತೈತ್ರಿ?"

ಈ ಪ್ರಶ್ನೆ ಡಾಕ್ಟರಿಗೂ ಹೊಸದಿರಬೇಕು. "ಬಣ್ಣಕ್ಕ ಎರಡೂ ಚಲೋನ ಅದಾವ್ರಿ. ದುಬಾರಿದು ಹಾಕಿಸಿಕೊಂಡ್ರ ಓದಾಕ ಚಷ್ಮಾದ ಗೊಡವಿ ಕಡಿಮಿ."

"ಚಷ್ಮಾ ಹಾಕ್ಕೊಳ್ಳಾಕ ನನಗೇನ ನಾಚಿಕಿಲ್ರಿ. ಸಾದಾದು ಹಾಕ್ರಿ."

ಮೊದಲು ಬಲಗಣ್ಣಿನ ಆಪರೇಷನ್ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ನಾನು ಎದುರಿಗೇ ನಿಂತಿದ್ದೆ. ನನ್ನನ್ನು ಬಿಟ್ಟು ಅವಳು ಗೋಡೆ ನೋಡಿದಳು. ನರ್ಸಿಗೆ, "ಗ್ವಾಡಿಗೆ ನಿನ್ನೆ ಬಣ್ಣ ಬಳದ್ರೇನವಾ?" ಎಂದು ಕೇಳಿದಳು. ಆಮೇಲೆ ಅಂಗೈಯಿಂದ ಒಂದು ಕಣ್ಣು ಮರೆಮಾಡಿ ತಾನು ಉಟ್ಟ ಸೀರೆಯ ಅಂಚು ನೋಡಿದಳು. ಕೈ ಬದಲಿಸಿ ಇನ್ನೊಂದು ಕಣ್ಣಿನಿಂದ ನೋಡಿದಳು. ಮತ್ತೆ ಮೊದಲನೆಯದು. ಎರಡು ಫೋನು ಇಟ್ಟುಕೊಂಡು ನೋಡಿದಷ್ಟೇ ನಿಧಾನವಾಗಿ ನೋಡುತ್ತಿದ್ದಳು.

"ಹಳೇ ಕಣ್ಣಿಗೆ ಇದು ಕರಿ ಅಂಚು," ಎಂದಳು. "ಹೊಸಾದಕ್ಕ ನೀಲಿ. ಇಷ್ಟು ದಿನ ಕರಿ ಅಂತನ ಉಟ್ಟೇನಿ." ನಗುತ್ತಾಳೆಂದುಕೊಂಡೆ. ಅವಳ ಕಣ್ಣಲ್ಲಿ ನೀರು ಬಂತು. ನರ್ಸು ಗದರಿದಳು, ಅಳಬಾರದೆಂದು. "ಅಳಾಕತ್ತಿಲ್ಲವಾ," ಎಂದಳು ದೊಡ್ಡವ್ವ. "ಎಷ್ಟ ಮಂದಿಗೆ ಏನೇನ ಕಳಿಸೀನೋ ಅಂತ ವಿಚಾರ ಮಾಡಾಕತ್ತೇನಿ."

ಎರಡನೆಯ ಕಣ್ಣೂ ಆದ ಮೇಲೆ, ಡಾಕ್ಟರು ಫೋನು ನೋಡಬಹುದು ಎಂದ ದಿನವೇ ನನ್ನನ್ನು ಗಜೇಂದ್ರಗಡಕ್ಕೆ ಕರೆಸಿದಳು. ಸೀರೆ ತರಿಸಿಕೊಂಡವರೊಂದಿಗಿನ ಮಾತುಕತೆಗಳನ್ನು ಫೋನಿನಲ್ಲಿ ಹಿಂದಕ್ಕೆ ಸರಿಸುತ್ತಾ, ಅವರು ಆರಿಸಿದ ಬಣ್ಣ ಯಾವುದು, ಕಳಿಸಿದ್ದು ಯಾವುದು ಎಂದು ನೋಡುತ್ತಾ ಹೋದೆವು. ಮರಳಿ ಕಳಿಸಿದವರಿಗಿಂತ ಸುಮ್ಮನೆ ಇಟ್ಟುಕೊಂಡವರೇ ಹೆಚ್ಚಿದ್ದರು. ಅವಳು ಒಬ್ಬೊಬ್ಬರಿಗೂ ಫೋನು ಮಾಡಿದಳು. ಸುತ್ತು ಬಳಸಿನ ಮಾತಿಲ್ಲ. "ನನ್ನ ಕಣ್ಣಾಗ ಪೊರಿ ಬಂದಿತ್ರಿ. ನಿಮಗ ತಪ್ಪು ಬಣ್ಣ ಬಂದೈತಿ. ಕಳಸ್ರಿ, ಬದಲಿ ಮಾಡಿ ಕೊಡ್ತೇನಿ."

ರೋಣದ ಒಬ್ಬ ಶಿಕ್ಷಕಿ ಒಪ್ಪಲಿಲ್ಲ. "ನಾ ಅದನ್ನ ಉಟ್ಟುಕೊಂಡು ಸಾಲಿಗೆ ಹೋದ್ರ ಎಲ್ಲಾರೂ ಚಂದ ಐತಿ ಅಂದ್ರು. ನಾ ಕೊಡಂಗಿಲ್ರಿ."

"ಇಟ್ಕೋರಿ. ಆದ್ರ ನೀವು ಕೇಳಿದ ಬಣ್ಣ ಅದಲ್ಲ ಅಂತ ನಿಮಗ ಗೊತ್ತಿರ್ಲಿ."

ಇನ್ನೊಬ್ಬರು ಮಾತು ಮುಗಿಯುವ ಮೊದಲೇ ಫೋನು ಇಟ್ಟರು, ಮುಂದೆಂದೂ ಸೀರೆ ಕೊಳ್ಳಲಿಲ್ಲ. ನನಗೆ ಕೆಟ್ಟದೆನಿಸಿತು. ದೊಡ್ಡವ್ವ, "ಅವರ ಸಿಟ್ಟೂ ಖರೇನ ಐತಿ," ಎಂದು ಮುಂದಿನ ನಂಬರು ಒತ್ತಲು ಹೇಳಿದಳು.

ಹೊಸ ಕಣ್ಣುಗಳೊಂದಿಗೆ ಅವಳು ಇನ್ನೂ ಕೆಲ ವರ್ಷ ಸೊಗಸಾಗಿ ವ್ಯಾಪಾರ ಮಾಡಿದಳು. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಎದೆ ಹಿಡಿದಂತಾಗುತ್ತದೆ ಎಂದಳಂತೆ. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ದಿನಕರ್ಮ ಕಳೆದ ಮೇಲೆ ದೊಡ್ಡಪ್ಪ ಅವಳ ಫೋನನ್ನು ನನ್ನ ಕೈಗೆ ಕೊಟ್ಟ. "ಇದು ಬಡಕೊಂತನ ಇರ್ತೈತವಾ. ನನಗ ಮಾತಾಡಾಕ ಬರೂದಿಲ್ಲ."

ಅದನ್ನು ಅಂಗಡಿಯಲ್ಲಿ ಇಟ್ಟುಕೊಂಡೆ. ಕರೆ ಬಂದಾಗಲೆಲ್ಲ ಸುದ್ದಿ ಹೇಳುತ್ತಿದ್ದೆ. ಕೆಲವರು ಅಳುತ್ತಿದ್ದರು, ಕೆಲವರು ಅವಳು ತಮಗೆ ಬೇಡವೆಂದ ಸೀರೆಯ ಕಥೆ ಹೇಳಿ ನಗುತ್ತಿದ್ದರು. ಈಗ ಯಾರಾದರೂ ಬಂದು ಎರಡು ಫೋನು ಮುಂದಿಟ್ಟು ಯಾವುದು ಚಲೋ ಎಂದರೆ, ನಿಮ್ಮ ಕೆಲಸ ಏನು ಎಂದು ಕೇಳದೆ ನಾನು ಬಾಯಿ ತೆರೆಯುವುದಿಲ್ಲ. ನನ್ನ ಅಂಗಡಿ ನಿಂತಿರುವುದೇ ಈ ಒಂದು ಪ್ರಶ್ನೆಯ ಮೇಲೆ, ಅದು ಅವಳಿಂದ ಬಂದದ್ದು.

ಒಂದು ದಿನ ಹೊಳೆಆಲೂರಿನಿಂದ ಒಬ್ಬ ಹೆಂಗಸು ಕರೆ ಮಾಡಿದರು. ಮಗಳ ನಿಶ್ಚಯಕ್ಕೆ ಸೀರೆ ಬೇಕಿತ್ತು. ದೊಡ್ಡವ್ವ ತೀರಿಕೊಂಡದ್ದು ಹೇಳಿದೆ.

"ನೀವು ಅವರಿಗೆ ಏನಾಗಬೇಕ್ರಿ?"

"ಮಗಳಾಗಬೇಕ್ರಿ. ಮೈದುನನ ಮಗಳು."

"ಹಂಗಾದ್ರ ನೀವ ನೋಡಿ ಕಳಸ್ರಿ. ಗುಲಾಬಿ ಇರ್ಲಿ, ಭಾಳ ಗಾಢ ಬ್ಯಾಡ."

ಭಾನುವಾರ ಅಂಗಡಿ ಮುಚ್ಚಿ ಗಜೇಂದ್ರಗಡದ ಬಸ್ಸು ಹತ್ತಿದೆ. ದೊಡ್ಡಪ್ಪ ಮಗ್ಗದ ಮುಂದೆ ಕೂತಿದ್ದ. ಓಣಿಯ ಮನೆಗಳಿಂದ ಗುಲಾಬಿ ಸೀರೆಗಳನ್ನು ತರಿಸಿ ಅಂಗಳದಲ್ಲಿ ಹಗ್ಗದ ಮೇಲೆ ಹಾಕಿ, ಹೊತ್ತು ಏರುವವರೆಗೂ ನೋಡಿದೆ. ಒಂದನ್ನು ಆರಿಸಿ ಆ ಹೆಂಗಸಿಗೆ ಫೋನು ಮಾಡಿದೆ.

"ಅಕ್ಕಾರ, ಒಂದ ಸಿಕ್ಕೈತ್ರಿ. ಆದ್ರ ನೀವು ಹೇಳಿದ್ದಕ್ಕಿಂತ ಬಣ್ಣ ಒಂದೀಟು ಮಂದ ಐತಿ. ನಡೀತೈತೇನ್ರಿ?"

"ನಡೀತೈತ್ರಿ. ಕಳಸ್ರಿ," ಎಂದರು.

ಮಗ್ಗದ ಸದ್ದು ನಿಂತಿತ್ತು. ತಿರುಗಿ ನೋಡಿದರೆ ದೊಡ್ಡಪ್ಪ ಕತ್ತು ಚಾಚಿ ನನ್ನ ಕೈಯಲ್ಲಿದ್ದ ಸೀರೆಯನ್ನೇ ನೋಡುತ್ತಿದ್ದ.

"ಮಂದ ಅಂದೆಲ್ಲ," ಎಂದ. "ಖರೇ ಹೇಳಿದಿ." ಆಮೇಲೆ ಮುಂದಿನ ಎಳೆ ಹಾಕಿದ.