ತವರಿನ ನಾಯಿ

ಮದುವೆಯಾಗಿ ಹಲಗೇರಿಗೆ ಬರುವಾಗ ನಾನು ತವರಿನಿಂದ ತಂದದ್ದು ಒಂದು ಟ್ರಂಕು, ಒಂದು ಹೆಣ್ಣು ನಾಯಿ. ಮುಧೋಳ ಕಡೆಯ ಬೇಟೆನಾಯಿ. ತೆಳು ಸೊಂಟ, ಉದ್ದ ಮೂತಿ. ಕುದುರೆ ವ್ಯಾಪಾರಿಗಳ ಹಿಂದೆ ಬಂದ ನಾಯಿಗಳಿಂದ ಹುಟ್ಟಿದ ತಳಿಯಂತೆ. ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು ಬೆನ್ನಟ್ಟಲೆಂದೇ ರಾಜರ ಕಾಲದಲ್ಲಿ ಓಟ ನೋಡಿ ನೋಡಿ ಬೆಳೆಸಿದ್ದಂತೆ. ಅಪ್ಪ ಹೇಳುತ್ತಿದ್ದ: "ಓಟ ತಾಯಿಂದ ಬರ್ತೈತಿ. ಯಾವುದಕ್ಕ ಬಾಯಿ ಹಾಕಬೇಕಂಬೋದು ಮರಿ ಇದ್ದಾಗ ನಾವು ಕಲಿಸೋದು."

ನನ್ನ ಗಂಡನ ಅಣ್ಣ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿ. ಭಾವನಾದ್ದರಿಂದ 'ಅವರು' ಎಂದು ಬರೆಯಬೇಕು, ಬರೆಯುವುದಿಲ್ಲ. ಎಂಬತ್ತರ ದಶಕದಲ್ಲೂ, ಚಿಗರಿ ಹೊಡೆಯುವುದು ಅಪರಾಧವಾದ ಮೇಲೂ, ಕದ್ದು ಬೇಟೆಗೆ ಹೋಗುತ್ತಿದ್ದ. ಒಂದು ದಿನ ಊರಿಗೆ ಬಂದವನು, ಇನ್ನೂ ಮರಿಗೆ ಹಾಲೂಡಿಸುತ್ತಿದ್ದ ನನ್ನ ನಾಯಿಯನ್ನು ಕೇಳದೆ ಹಿಡಿದುಕೊಂಡು ಹೋದ. ಉರಿಬಿಸಿಲಲ್ಲಿ ಓಡಿಸಿ ಓಡಿಸಿ ಹೊಲದಲ್ಲೇ ಸಾಯಿಸಿದ. ಕೊರಳ ಹಗ್ಗವನ್ನು ಕಟ್ಟೆಯ ಮೇಲೆ ಒಗೆದು ನನ್ನ ಗಂಡನಿಗೆ ಹೇಳಿದ: "ನಾಯಿ ಅಲ್ಲೇನು? ಇನ್ನೊಂದು ತರಿಸಿದ್ರಾತು ಬಿಡು."

ಭಾವನೆದುರು ಬಾಯಿ ತೆರೆಯುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ. ಬಾಗಿಲ ಹಿಂದೆ ನಿಂತು ಹಲ್ಲು ಕಚ್ಚಿದೆ. ಅತ್ತು ಸುಮ್ಮನಾಗುವ ಪೈಕಿ ನಾನಲ್ಲ.

ಉಳಿದದ್ದು ಒಂದೇ ಗಂಡುಮರಿ. ಅದಕ್ಕೆ ಆಡಿನ ಹಾಲು ಕುಡಿಸಿದೆ, ಆಡಿನ ಮರಿಗಳ ನಡುವೆ ಮಲಗಿಸಿದೆ, ಅವುಗಳ ಜೊತೆಯೇ ಮೇವಿಗೆ ಅಟ್ಟಿದೆ. ಆಟಕ್ಕೆ ಒಂದರ ಕಿವಿ ಕಚ್ಚಿದಾಗ ಮೂತಿ ಹಿಡಿದು ಗದರಿದೆ. ಮತ್ತೆ ಅದು ಯಾವುದಕ್ಕೂ ಬಾಯಿ ಹಾಕಲಿಲ್ಲ. ಚಿಗರಿಯೂ ಇದರ ಕಣ್ಣಿಗೆ ಆಡಾಗಿಯೇ ಕಾಣಲಿ ಎಂದು ದಿನಾ ದೇವರಿಗೆ ಕೈಮುಗಿದೆ.

ಮರಿ ತಾಯಿಯಷ್ಟೇ ಚೆಂದ ಬೆಳೆಯಿತು. ಭಾವ ಬಂದ, ಸೊಂಟ ನೋಡಿದ, ಕಾಲು ನೋಡಿದ, ಬಿಚ್ಚಿಕೊಂಡು ಹೊರಟೇಬಿಟ್ಟ. ಜೊತೆಗೆ ಬ್ಯಾಡಗಿಯ ಗೆಳೆಯರಿದ್ದರು. ರಾಜರ ನಾಯಿ ಎಂದು ಅವರೆದುರು ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಮುಂದಿನದು ಜೊತೆಗೆ ಹೋಗಿದ್ದ ನನ್ನ ಗಂಡ ಹೇಳಿದ್ದು. ನಾಯಿ ಓಡಿತಂತೆ, ಅಂಥ ಓಟ ಯಾರೂ ಕಂಡಿರಲಿಲ್ಲವಂತೆ. ಹಿಂಡನ್ನು ಮುಟ್ಟಿ, ಹಿಂದುಳಿದ ಚಿಗರಿಮರಿಯೊಂದನ್ನು ಮೆಲ್ಲಗೆ ತಿರುಗಿಸಿ, ಹಿಂಡಿಗೆ ಸೇರಿಸಿ, ಬಾಲ ಅಲ್ಲಾಡಿಸುತ್ತ ನಿಂತಿತಂತೆ. "ಆಡು ಕಾಯಾಕ ತಂದೀರೇನ್ರಿ ಸಾವಕಾರ?" ಎಂದು ಗೆಳೆಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಭಾವ ಕೆಂಡವಾಗಿ ಬಂದ. "ನಿನ್ನ ಹೇಂತಿ ನಾಯೀನ ಕೆಡಿಸ್ಯಾಳ! ನನ್ನ ಮರ್ಯಾದಿ ಹೋತು!" ಎಂದು ತಮ್ಮನ ಮೇಲೆ ಕೂಗಾಡಿದ.

ನಾನು ಬಾಗಿಲು ದಾಟಿ ಹೊರಗೆ ಬಂದೆ. ಅವನ ಕೈಯಿಂದ ಹಗ್ಗ ಕಿತ್ತುಕೊಂಡು, ಮೊದಲ ಸಲ ಅವನ ಮುಖ ನೋಡಿ ಮಾತಾಡಿದೆ.

"ನಾಯಿ ಅಲ್ಲೇನ್ರಿ, ಭಾವಾರ? ಇನ್ನೊಂದು ತರಿಸಿದ್ರಾತು ಬಿಡ್ರಿ."