ಗುಂಡಿ ಕಡೆಯ ರಿಬ್ಬನ್

ಆ ಕನ್ನಡಿ ಅಂಗಡಿಯ ಯಾವ ಗೋಡೆಗೆ ಇತ್ತು ಎಂಬುದನ್ನೇ ನಾನು ಮೂರು ಸಲ ಬೇರೆ ಬೇರೆಯಾಗಿ ಬರೆದಿದ್ದೇನೆ. ಒಂದರಲ್ಲಿ ಅದು ಬಾಗಿಲಿಗೆ ಎದುರಾಗಿದೆ, ರಸ್ತೆಯ ಅದಿರು ಲಾರಿಗಳೆಲ್ಲ ಅದರೊಳಗೆ ಹಾದುಹೋಗುತ್ತವೆ. ಇನ್ನೊಂದರಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲಿದೆ. ಮೂರನೆಯದರಲ್ಲಿ ಒಳಕೋಣೆಯಲ್ಲಿ. ಲಾರಿಗಳು ಹಾದುಹೋಗುವುದು ಓದಲು ಚೆಂದ ಎಂಬ ಕಾರಣಕ್ಕೇ ಮೊದಲನೆಯದರ ಮೇಲೆ ನನಗೆ ಸಂಶಯ. ಕನ್ನಡಿ ಇತ್ತು, ಆಳೆತ್ತರ ಇತ್ತು, ಆ ಸಂಜೆ ಅದರ ಮುಂದೆ ನಿಲ್ಲಲು ನನ್ನ ಹೊರತು ಯಾರೂ ಇರಲಿಲ್ಲ. ಇಷ್ಟು ಖಚಿತ.

ಹೊಸಪೇಟೆಯಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರದ ಒಂದು ಓಣಿ. ಅಲ್ಲಿ ಒಂದು ಯೂನಿಫಾರಂ ಅಂಗಡಿ. ಬರೆಯಲು ತೊಡಗುವ ಮುಂಚೆ ನಾನು ಅಲ್ಲಿನ ಟೇಲರ್. ಮೊದಲು ನಾವು ಮೂವರಿದ್ದೆವು. ಗಣಿ ಜೋರಾದ ಮೇಲೆ ಒಬ್ಬ ಲಾರಿ ಹತ್ತಿದ, ಇನ್ನೊಬ್ಬ ಗಾದಿಗನೂರಿನ ಹತ್ತಿರ ಎಲ್ಲೋ ಸೂಪರ್‌ವೈಸರ್ ಆದ. ಮಾಲೀಕರು ತಾವೂ ಎರಡು ಲಾರಿ ಕೊಂಡು ಅಂಗಡಿಗೆ ಬರುವುದನ್ನು ಕಡಿಮೆ ಮಾಡಿದರು. ಊರೆಲ್ಲ ಎಲ್ಲಿಗೋ ಧಾವಿಸುತ್ತಿದ್ದಾಗ ನಾನು ಬೆಳಿಗ್ಗೆ ಷಟರ್ ಎತ್ತುತ್ತಿದ್ದೆ, ಸಂಜೆ ಇಳಿಸುತ್ತಿದ್ದೆ. ನಡುವೆ ಮಾತಾಡಿದ ದಿನಗಳಿಗಿಂತ ಮಾತಾಡದ ದಿನಗಳೇ ಹೆಚ್ಚು. ಗಿರಾಕಿಗಳೊಂದಿಗೆ ಆಡುವ ಮಾತೆಲ್ಲ ಅಳತೆ: ಎದೆ, ಭುಜ, ಕಾಲರ್.

ಓದಲು ಒಂದು ಪುಸ್ತಕವಿತ್ತು. ರದ್ದಿ ಅಂಗಡಿಯಲ್ಲಿ ಸಿಕ್ಕಿದ್ದು, ಎರಡೂ ರಟ್ಟು ಹರಿದು ಹೋಗಿದ್ದವು. ಜಗತ್ತಿನ ದೇಶದೇಶಗಳ ಪದಕಗಳ ಬಣ್ಣದ ಚಿತ್ರಗಳು, ಕೆಳಗೆ ಇಂಗ್ಲಿಷಿನಲ್ಲಿ ಎರಡೆರಡು ಸಾಲು. ಫ್ರಾನ್ಸಿನಲ್ಲಿ ಗೌರವ ಪಡೆದವನು ಕೋಟಿನ ಗುಂಡಿತೂತಿನಲ್ಲಿ ಬರೀ ಒಂದೆಳೆ ಕೆಂಪು ದಾರ ಸಿಕ್ಕಿಸಿಕೊಂಡು ಓಡಾಡುತ್ತಾನಂತೆ, ತಿಳಿದವರಿಗೆ ಅಷ್ಟೇ ಸಾಕಂತೆ. ಕೆಲವು ದೇಶಗಳಲ್ಲಿ ಸತ್ತವರ ಪದಕವನ್ನು ಮನೆಯವರು ಬಲ ಎದೆಗೆ ಧರಿಸುತ್ತಾರಂತೆ. ಎಡ ಎದೆ ಗಳಿಸಿದವನದು, ಬಲ ಎದೆ ಕಳೆದುಕೊಂಡವನದು. ಊಟದ ಡಬ್ಬಿ ಪಕ್ಕಕ್ಕಿಟ್ಟು ಇವನ್ನೆಲ್ಲ ನೋಡುತ್ತ ಕೂರುತ್ತಿದ್ದೆ.

ಒಂದು ದಿನ ಸೆಕ್ಯುರಿಟಿ ಏಜೆನ್ಸಿಯವನೊಬ್ಬ ಬಂದ. ಸಂಡೂರಿನ ಆಚೆಯ ಒಂದು ಗಣಿಗೆ ಅವನು ಕಾವಲುಗಾರರನ್ನು ಒದಗಿಸುತ್ತಿದ್ದ. ಎಲ್ಲರಿಗೂ ಹೊಸ ಯೂನಿಫಾರಂ ಬೇಕು, ಜೊತೆಗೆ ಎದೆಯ ಮೇಲೆ, ಮಿಲಿಟರಿಯವರಿಗೆ ಇರುವಂಥ ರಿಬ್ಬನ್ ಪಟ್ಟಿ.

"ಎದಿ ಖಾಲಿ ಕಾಣಬಾರ್ದು ಮಾಸ್ತರ. ಮೂರು ಸಾಲು ಬಣ್ಣ ಹಾಕಿ ಹೊಲದುಬಿಡ್ರಿ."

"ಯಾವ ಬಣ್ಣ?"

"ಮಸ್ತ್ ಕಾಣೋವು."

"ಅವು ಪದಕದ ರಿಬ್ಬನ್ ರೀ. ಒಂದೊಂದು ಬಣ್ಣಕ್ಕ ಒಂದೊಂದು ಅರ್ಥ ಐತಿ. ಯುದ್ಧಕ್ಕ ಹೋಗಿ ಬಂದೋರಿಗೆ ಕೊಡೋದು."

"ಇವರೇನು ಕಮ್ಮಿ ಯುದ್ಧ ಮಾಡ್ತಾರೇನ್ರಿ? ಆ ಕೆಂಪು ಧೂಳಿನಾಗ ಹನ್ನೆರಡು ತಾಸು ನಿಂತು ನೋಡ್ರಿ, ನಿಮಗೂ ಒಂದು ಕೊಡ್ತೀನಿ."

ಇದನ್ನು ಹೇಳಿದಾಗ ಮಾಲೀಕರು ಫೋನಿನಲ್ಲಿ ನಕ್ಕರು. ರಿಬ್ಬನ್ ಸುರುಳಿಗಳು ಪಾರ್ಸೆಲಿನಲ್ಲಿ ಬಂದವು. ಕೈಗೆ ಬಂದಂತೆ ಕತ್ತರಿಸಿ, ತಗಡಿನ ಪಟ್ಟಿಗೆ ಸುತ್ತಿ, ಧೂಳು ಹಿಡಿಯದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಹೊಲಿದೆ. ಆಮೇಲೆ ಪುಸ್ತಕ ತೆರೆದು ನೋಡಿದರೆ, ಮರಿಯಮ್ಮನಹಳ್ಳಿಯ ಒಬ್ಬ ಕಾವಲುಗಾರನ ಎದೆಗೆ ನಾನು ಹೊಲಿದ ಬಣ್ಣ, ಅವನು ಹೆಸರೂ ಕೇಳಿರದ ಒಂದು ದೇಶದ ನೌಕಾಯುದ್ಧದ ಬಣ್ಣವನ್ನು ಹೋಲುತ್ತಿತ್ತು. ಅವನಿಗೆ ಹೇಳಿದೆ. "ಹಡಗು ಯಾವಾಗ ಬರತೈತಿ ಕೇಳಿ ಹೇಳ್ರಿ ಮಾಸ್ತರ, ಹತ್ತಿ ಹೋಗಿಬಿಡ್ತೀನಿ," ಎಂದ. ಇಬ್ಬರೂ ನಕ್ಕೆವು. ಆ ತಿಂಗಳಲ್ಲಿ ನಾನು ನಕ್ಕಿದ್ದು ಅದೊಂದೇ ಎಂದು ಬರೆಯಲು ಕೈ ಹೋಗುತ್ತದೆ. ನಿಜವಿರಲಾರದು. ಆದರೆ ಬೇರೆ ಯಾವುದೂ ನೆನಪಿಗೆ ಬರುತ್ತಿಲ್ಲ.

ಒಬ್ಬರು ಮಾತ್ರ ಪಟ್ಟಿಯನ್ನು ಹಿಂದಕ್ಕೆ ತಂದರು. ಕಂಪ್ಲಿ ಕಡೆಯ ಹಿರಿಯರು. ಉಳಿದ ಕಾವಲುಗಾರರು ಅವರನ್ನು ಮಿಲ್ಟ್ರಿ ಎಂದೇ ಕರೆಯುತ್ತಿದ್ದರು. ಪಟ್ಟಿಯನ್ನು ಕೌಂಟರಿನ ಮೇಲೆ ಮೆತ್ತಗೆ ಇಟ್ಟರು.

"ಇವು ನನ್ನವಲ್ಲ ಮಾಸ್ತರ."

"ಎಲ್ಲರಿಗೂ ಇವೇ ರೀ."

"ಯಾರವೂ ಅಲ್ಲ. ಅವರಿಗೆ ನಡೀತೈತಿ. ನನಗ ನನ್ನವು ಅದಾವು, ನಾಲ್ಕು."

ಕುಂದ್ರಿ ಎಂದೆ. ಸ್ಟೂಲಿನ ಮೇಲೆ ಕೂತು ಹೇಳಿದರು. ಹದಿನೆಂಟಕ್ಕೆ ಸೈನ್ಯ ಸೇರಿದ್ದು, ಎಪ್ಪತ್ತೊಂದರಲ್ಲಿ ಪಶ್ಚಿಮದ ಗಡಿಯಲ್ಲಿದ್ದದ್ದು, ಎಂಟು ವರ್ಷದ ಸೇವೆ ಮುಗಿಸಿ ಊರಿಗೆ ಬಂದದ್ದು. ಪದಕಗಳು ಆಮೇಲೆ ಬರುತ್ತವೆ ಎಂದು ಹೇಳಿ ರಿಬ್ಬನ್ ಮಾತ್ರ ಕೊಟ್ಟಿದ್ದರಂತೆ. ಪದಕ ಬರಲೇ ಇಲ್ಲ. ಒಂದು ವರ್ಷ ಹೊಳೆಯ ನೀರು ಮನೆಗೆ ನುಗ್ಗಿ, ಟ್ರಂಕಿನಲ್ಲಿದ್ದ, ಸೈನ್ಯ ಬಿಡುವಾಗ ಕೊಟ್ಟ ದಾಖಲೆ ಪುಸ್ತಕವೂ ರಿಬ್ಬನ್ನೂ ಗಂಜಿಯಾದವು. ಮತ್ತೆ ಬರೆದು ಕೇಳಿದ್ದಕ್ಕೆ ಉತ್ತರವಿಲ್ಲ.

"ಈಗ್ಯಾಕ ಬೇಕ್ರಿ?"

"ಗಣಿಗೆ ಹೊಸ ಸಾಹೇಬ ಬಂದಾನ. ಅವನೂ ಫೌಜಿನಾಗ ಇದ್ದಾತ. ಆಗಸ್ಟ್ ಹದಿನೈದಕ್ಕ ಝಂಡಾ ಏರಿಸಿ ನಮ್ಮ ಸಾಲು ನೋಡ್ತಾನ." ಕೌಂಟರಿನ ಮೇಲಿನ ಪಟ್ಟಿಯನ್ನು ಪಕ್ಕಕ್ಕೆ ಸರಿಸಿದರು. "ಮೂವತ್ತು ವರ್ಷ ಆತು ಮಾಸ್ತರ. ಇದನ್ನ ಓದಾಕ ಬರೋವ ಒಬ್ಬನೂ ಸಿಕ್ಕಿಲ್ಲ. ಬಾಯಿಲೆ ಹೇಳಿದ್ರ ಎಲ್ಲಾರೂ ನಗತಾರ. ಅವ ಒಂದ್ಸಲ ಎದಿ ನೋಡಿದ್ರ ಸಾಕು, ನಾನು ಎಲ್ಲಿದ್ದೆ ಅಂತ ತಿಳಿತೈತಿ. ನಾನು ಬಾಯಿ ಬಿಡೋದು ಬ್ಯಾಡ."

ಸಂಬಳ ಹೆಚ್ಚುತ್ತದೆ, ಕೆಲಸ ಖಾಯಂ ಆಗುತ್ತದೆ ಎಂಬ ಮಾತೇ ಬರಲಿಲ್ಲ. ತಿಳಿದ ಒಬ್ಬ ಮನುಷ್ಯ ತನ್ನನ್ನು ಓದಬೇಕು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ನಾನು ಚೀಟಿ ತೆಗೆದುಕೊಂಡೆ. ಅವರು ಹೇಳಿದರು, ಬರೆದೆ. ಪಶ್ಚಿಮೀ ಸ್ಟಾರ್, ಸಂಗ್ರಾಮ, ಸೈನ್ಯ ಸೇವಾ, ಸ್ವಾತಂತ್ರ್ಯದ ಇಪ್ಪತ್ತೈದನೇ ವರ್ಷದ್ದು. "ದೊಡ್ಡದು ಪಶ್ಚಿಮೀ, ಅದು ಗುಂಡಿ ಕಡೆ ಬರಬೇಕು," ಎಂದು ತಮ್ಮ ಅಂಗಿಯ ಗುಂಡಿ ಮುಟ್ಟಿ ತೋರಿಸಿದರು. "ಆಮ್ಯಾಲೆ ಒಂದೊಂದಾ ತೋಳಿನ ಕಡೆ." ಅದನ್ನೂ ಬರೆದುಕೊಂಡೆ: ಗುಂಡಿ ಕಡೆ ಪಶ್ಚಿಮೀ. ಸುರುಳಿಗಳನ್ನು ಮುಂದೆ ಹರವಿದಾಗ ಅವರು ಮುಖವನ್ನು ತೀರ ಹತ್ತಿರ ತಂದರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. "ಧೂಳು," ಎಂದರು. ನಾನೂ ಧೂಳೇ ಇರಬೇಕೆಂಬಂತೆ ತಲೆಯಾಡಿಸಿದೆ. ಗೇಟಿನಲ್ಲಿ ನಿಲ್ಲುವವನಿಗೆ ಕಣ್ಣು ಕಾಣುವುದಿಲ್ಲ ಎಂದು ಯಾರಿಗೂ ಗೊತ್ತಾಗಬಾರದಲ್ಲ. ಬಣ್ಣದ ಹೆಸರು ಹೇಳಿದರು, ನಾನು ಹುಡುಕಿ ತೆಗೆದೆ.

ಆ ಪಟ್ಟಿಯನ್ನು ಎರಡು ಸಂಜೆ ಕೂತು ಹೊಲಿದೆ. ಅಷ್ಟು ಆಸ್ಥೆಯಿಂದ ಅದಕ್ಕೂ ಮುಂಚೆ ಏನನ್ನೂ ಹೊಲಿದಿರಲಿಲ್ಲ. ಅವರು ಹೇಳಿದಂತೆಯೇ ಮಾಡಿದೆ. ಮುಗಿದ ಮೇಲೆ ಯಾರ ಎದೆಯ ಮೇಲಾದರೂ ಇಟ್ಟು ನೋಡೋಣವೆಂದರೆ ಅಂಗಡಿಯಲ್ಲಿ ಯಾರೂ ಇಲ್ಲ. ನನ್ನ ಅಂಗಿಯ ಎಡ ಎದೆಗೇ ಚುಚ್ಚಿಕೊಂಡು ಕನ್ನಡಿಯ ಮುಂದೆ ನಿಂತೆ. ಕೈಯಲ್ಲಿ ಪುಸ್ತಕ. ಪುಸ್ತಕದಲ್ಲಿ ಎದೆಯ ಚಿತ್ರವಿರಲಿಲ್ಲ, ಪಟ್ಟಿಗಳದ್ದಷ್ಟೇ ಇತ್ತು. ಎಲ್ಲ ಪಟ್ಟಿಗಳಲ್ಲೂ ದೊಡ್ಡ ಪದಕದ ಬಣ್ಣ ಎಡತುದಿಗೆ. ಕನ್ನಡಿಯಲ್ಲಿ ನೋಡಿದರೆ ನನ್ನ ಪಟ್ಟಿಯಲ್ಲಿ ಅದು ಬಲತುದಿಗೆ.

ಮತ್ತೆ ನೋಡಿದೆ. ಪುಸ್ತಕದಲ್ಲಿ ಎಡಕ್ಕೆ, ಕನ್ನಡಿಯಲ್ಲಿ ಬಲಕ್ಕೆ.

ಕನ್ನಡಿ ಎಡ ಬಲ ಬದಲಿಸುತ್ತದೆ ಎಂದು ಮಕ್ಕಳಿಗೂ ಗೊತ್ತು. ಇಪ್ಪತ್ತು ವರ್ಷ ಕನ್ನಡಿಯ ಮುಂದೆಯೇ ಅಂಗಿ ತೊಡಿಸಿ ಬದುಕಿದವನು ನಾನು. ಆ ಹೊತ್ತಿಗೆ ಮಾತ್ರ ಅದು ಹೊಳೆಯಲಿಲ್ಲ. ಹೊಳೆದದ್ದು ಬೇರೆ: ಮೂವತ್ತು ವರ್ಷದ ಹಿಂದಿನದು, ಮುದುಕ ಮರೆತಿದ್ದಾನೆ. ಪುಸ್ತಕ ಮರೆಯುವುದಿಲ್ಲ. ಪಾಪ, ಸಾಹೇಬರ ಮುಂದೆ ತಪ್ಪು ಹಾಕಿಕೊಂಡು ನಿಲ್ಲುವುದನ್ನು ನಾನು ತಪ್ಪಿಸಿದಂತಾಯಿತು ಎಂದುಕೊಂಡೆ. ಹೊಲಿಗೆ ಬಿಚ್ಚಿ, ಪಶ್ಚಿಮೀ ತೋಳಿನ ಕಡೆ ಬರುವಂತೆ ತಿರುಗಿಸಿ ಮತ್ತೆ ಹೊಲಿದೆ. ಈಗ ಕನ್ನಡಿಯೂ ಪುಸ್ತಕವೂ ಒಂದೇ ಹೇಳಿದವು. ನನ್ನೆದುರು ಇನ್ನೊಬ್ಬ ಮನುಷ್ಯ, ಯಾವನೇ ಆಗಲಿ, ಒಂದು ನಿಮಿಷ ಎದೆಯೊಡ್ಡಿ ನಿಂತಿದ್ದರೆ ಹೀಗಾಗುತ್ತಿರಲಿಲ್ಲ.

ಅವರು ಒಯ್ಯಲು ಬಂದಾಗ ಅಂಗಿಗೆ ನಾನೇ ಚುಚ್ಚಿದೆ. ಅವರ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿ ಕೇಳಿದರು, "ಗುಂಡಿ ಕಡೆ ಪಶ್ಚಿಮೀ ಐತೆಲ್ಲಾ?"

"ಎಲ್ಲಾ ಸರಿ ಐತ್ರಿ," ಎಂದೆ. ಪುಸ್ತಕದ ವಿಷಯ ಹೇಳಲಿಲ್ಲ. ಹಿರಿಯರ ಮರೆವನ್ನು ಎತ್ತಿ ಆಡಬಾರದೆಂಬ ಮರ್ಯಾದೆ.

ಆಗಸ್ಟ್ ಹದಿನೈದರಂದು ನಾನು ಅಲ್ಲಿರಲಿಲ್ಲ. ಆದ್ದರಿಂದ ನನಗೆ ಗೊತ್ತಿರುವುದು ಮರಿಯಮ್ಮನಹಳ್ಳಿಯವನು ಹೇಳಿದ್ದಷ್ಟೇ. ಮುಂದಿನ ವಾರ ಅವನು ಗುಂಡಿ ಹಾಕಿಸಲು ಬಂದಿದ್ದ.

"ಸಾಹೇಬ ಎಲ್ಲಾರನ್ನೂ ದಾಟಿ ಬಂದು ಮಿಲ್ಟ್ರಿ ಮುಂದ ನಿಂತ್ರು. ಮಿಲ್ಟ್ರಿ ಸೆಲ್ಯೂಟ್ ಹೊಡದ ನೋಡ್ರಿ, ಭಾಳ ಮಸ್ತ್ ಹೊಡದ. ಸಾಹೇಬ ಎದಿ ನೋಡಿದ್ರು. ನೋಡಿ, ಯಾವ ಅಂಗಡಿಯಾಗ ತಗೊಂಡಿ ಇದನ್ನ ಅಂದ್ರು."

"ಆಮ್ಯಾಲೆ?"

"ಸಿಪಾಯಿ ಆಗಿದ್ದವ ಯಾವನೂ ಇದನ್ನ ಉಲ್ಟಾ ಹಾಕ್ಕೊಳ್ಳಂಗಿಲ್ಲ ಅಂದ್ರು. ನಮ್ಮವು ಹೆಂಗೂ ಸುಳ್ಳು, ನಮಗೇನೂ ಅನ್ನಲಿಲ್ಲ. ಆತಗ ಮಾತ್ರ ತೆಗಿ ಅಂದ್ರು." ಅವನು ನಕ್ಕ. "ಈಗ ಎಲ್ಲಾರೂ ಡೂಪ್ಲಿಕೇಟ್ ಅಂತ ಕರೀತಾರ. ಏ ಡೂಪ್ಲಿಕೇಟ್, ಗೇಟ್ ತೆಗಿ ಲೇ ಅಂತಾರ."

ಅವನು ಹೋದ ಮೇಲೆ ಕನ್ನಡಿಯ ಮುಂದೆ ಹೋಗಿ ಎಡಗೈ ಎತ್ತಿದೆ. ಕನ್ನಡಿಯೊಳಗಿನವನು ಬಲಗೈ ಎತ್ತಿದ.

ಅದೇ ದಿನ ಇನ್ನೊಂದು ಪಟ್ಟಿ ಹೊಲಿದೆ, ಸರಿಯಾದದ್ದು. ಇಲ್ಲಿಂದ ಮುಂದೆ ನನ್ನ ಬಳಿ ಎರಡು ಬರವಣಿಗೆಗಳಿವೆ. ಎರಡರಲ್ಲೂ ನಾನು ಸಂಡೂರಿನ ಬಸ್ ಹತ್ತುತ್ತೇನೆ. ಒಂದರಲ್ಲಿ ಮಳೆ ಇದೆ, ರಸ್ತೆಯ ತುಂಬ ಕೆಂಪು ರಾಡಿ. ಇನ್ನೊಂದರಲ್ಲಿ ಬಿಸಿಲು. ಎರಡರಲ್ಲೂ ಗಣಿಯ ಗೇಟಿಗೆ ಹೋಗಿ ಸಾಹೇಬರಿಗೆ ಹೇಳುತ್ತೇನೆ, ತಪ್ಪು ನನ್ನದು, ಆ ಹಿರಿಯರು ಸರಿಯಾಗಿಯೇ ಹೇಳಿದ್ದರು ಎಂದು. ಸಾಹೇಬರು ಎದ್ದು ನಿಲ್ಲುತ್ತಾರೆ. ಎರಡರಲ್ಲೂ ಆ ಸಾಹೇಬರಿಗೆ ಮುಖವಿಲ್ಲ. ಅವರನ್ನು ನಾನು ಎಂದೂ ನೋಡಿದ್ದೇ ಇಲ್ಲ.

ಬಸ್ ಹತ್ತಿದ್ದು ನಿಜ. ಲಾರಿಗಳ ಸಾಲಿನಲ್ಲಿ ಬಸ್ ಸಿಕ್ಕಿಕೊಂಡಿತು. ಒಂದು ತಾಸು ಕೂತೆ. ಟೇಲರ್ ಒಬ್ಬ ಹೋಗಿ ಹೇಳಿದರೆ ಸಾಹೇಬ ಕೇಳುತ್ತಾನೆಯೇ, ಏಜೆನ್ಸಿಯವನು ಮಾಲೀಕರಿಗೆ ಏನು ಹೇಳುತ್ತಾನೆ ಎಂದೆಲ್ಲ ಯೋಚಿಸಿದೆ. ಇಳಿದು, ಎದುರಿನಿಂದ ಬಂದ ಬಸ್ ಹತ್ತಿ ವಾಪಸ್ ಬಂದೆ. ಸಿಕ್ಕಿಕೊಂಡ ಬಸ್ ಆಮೇಲೆ ಬಿಟ್ಟಿತು ಎನ್ನುವುದೂ ನನಗೆ ಗೊತ್ತು. ತಿರುಗಿ ನೋಡಿದ್ದೆ.

ಇದಾದ ಮೇಲಿನದನ್ನು ಬೇರೆ ರೀತಿ ಬರೆಯಲು ನನಗೆ ಇವತ್ತಿನವರೆಗೂ ಆಗಿಲ್ಲ.

ದಸರೆಗೆ ಮುಂಚೆ ಅವರೇ ಅಂಗಡಿಗೆ ಬಂದರು. ಯೂನಿಫಾರಂ ಇರಲಿಲ್ಲ, ಪಂಚೆ ಉಟ್ಟಿದ್ದರು. ಕೆಲಸ ಬಿಟ್ಟು ಊರಿಗೆ ಹೊರಟಿದ್ದೇನೆ ಎಂದರು. ಸ್ಟೂಲಿನ ಮೇಲೆ ಕೂತರು. ಜಗಳವಾಡಲು ಬಂದಿದ್ದಾರೆ ಎಂದುಕೊಂಡೆ. ಜಗಳವಾಡಿದ್ದರೆ ಚೆನ್ನಾಗಿತ್ತು.

"ಒಂದು ಕೇಳ್ಬೇಕಿತ್ತು ಮಾಸ್ತರ."

"ಕೇಳ್ರಿ."

"ಸಾಹೇಬ ಉಲ್ಟಾ ಐತಿ ಅಂದ. ಅವ ಓದಿದವ, ಸುಳ್ಳು ಹೇಳಂಗಿಲ್ಲ. ನೀವೂ ನಾ ಹೇಳಿದಂಗಾ ಹೊಲದೀರಿ. ಅಂದ್ರ ನಾನಾ ತಪ್ಪು ಹೇಳಿರಬೇಕು." ಪೊರೆ ಬಂದ ಕಣ್ಣುಗಳನ್ನು ನನ್ನ ಕಡೆ ಎಲ್ಲೋ ನೆಟ್ಟಿದ್ದರು. "ದಿನಾ ಕುಂತು ನೆನಸ್ತೀನಿ. ಪಟ್ಟಿ ಮೊದಲನೇ ಸಲ ಹಾಕಿದ್ದು, ಹಾಕಿದಾತನ ಕೈ, ಎಲ್ಲಾ ನೆನಪೈತಿ. ಅದೂ ತಪ್ಪಾದ್ರ ಉಳಿದದ್ದೆಲ್ಲಾ ಹೆಂಗ? ನಾನು ಅಲ್ಲಿಗೆ ಹೋಗಿದ್ನೋ ಇಲ್ಲೋ ಅಂತ ನನಗಾ ಅನ್ಸಾಕ ಹತ್ತೈತಿ."

ನಾನು ಕತ್ತರಿಯನ್ನು ಎತ್ತಿ ಪಕ್ಕಕ್ಕಿಟ್ಟೆ.

"ಆವತ್ತು ನಾನು ಗುಂಡಿ ಕಡೆ ಅಂದಿದ್ನೋ, ತೋಳಿನ ಕಡೆ ಅಂದಿದ್ನೋ?"

ಚೀಟಿ ಡ್ರಾವರಿನಲ್ಲಿತ್ತು. ಸರಿಯಾಗಿ ಹೊಲಿದ ಪಟ್ಟಿಯೂ ಅದರ ಮೇಲೆಯೇ ಇತ್ತು. ನನ್ನ ಕೈ ಡ್ರಾವರಿನ ಹಿಡಿಯ ಮೇಲಿತ್ತು. ಎಳೆದರೆ ಸಾಕು, ಅವರ ಎಂಟು ವರ್ಷಗಳು ಅವರಿಗೆ ವಾಪಸ್ ಸಿಗುತ್ತಿದ್ದವು. ಎಳೆದರೆ ತಪ್ಪು ಯಾರದೆಂಬುದೂ ಅದರ ಜೊತೆಗೇ ಹೊರಬರುತ್ತಿತ್ತು. ನೆನಪನ್ನು ನಂಬಬಾರದೆಂದು ಬರೆದದ್ದರಲ್ಲೆಲ್ಲ ಹೇಳುತ್ತ ಬಂದವನು ನಾನು. ಅವರ ನೆನಪು ಸರಿಯಾಗಿತ್ತು.

"ನೆನಪಿಲ್ಲರೀ," ಎಂದೆ.

"ನಿಮಗೂ ಇಲ್ಲ," ಎಂದರು. ಸ್ವಲ್ಪ ಸಮಾಧಾನವಾದವರಂತೆ ತಲೆಯಾಡಿಸಿದರು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದರು. ಓಣಿಯ ತುದಿಯಲ್ಲಿ ರಸ್ತೆ ದಾಟಲು ಲಾರಿಗಳ ನಡುವೆ ಜಾಗ ಸಿಗಲೆಂದು ಬಹಳ ಹೊತ್ತು ನಿಂತೇ ಇದ್ದರು. ಹೋಗಿ ಕೈ ಹಿಡಿದು ದಾಟಿಸುವಷ್ಟು ಹೊತ್ತು.